ಡಯಲ್ ಟೋನ್

"ಇನ್ನೂ ಫೇಸ್‌ಬುಕ್ಕಲ್ಲೇ ಇದ್ದೀಯಾ ದೊಡ್ಡಮ್ಮ?
ಅಲ್ಲೀಗ ಯಾರಿದ್ದಾರೆ ಅಂತ?"
ಮೆಟ್ರೋದಲ್ಲಿ ನನ್ನ ಫೋನಿಗೆ ಇಣುಕಿ
ತಂಗಿಯ ಮಗಳು ಸಂಜನಿ ನಕ್ಕಳು.
ಎದುರು ಸೀಟಿನವನೂ ತಲೆಯೆತ್ತಿ ನೋಡಿದ.

ಯಾರಿದ್ದಾರೆ?
ಸಾಲ ಕೊಡುತ್ತೇವೆನ್ನುವವರು, ಮಂಡಿನೋವಿನ ಎಣ್ಣೆಯವರು,
ತೀರಿಕೊಂಡು ಮೂರು ವರ್ಷವಾದರೂ
ಜುಲೈ ಬಂದರೆ ತಪ್ಪದೆ ಹುಟ್ಟುವ ವಿನೋದಾಬಾಯಿ,
ಅವಳ ಗೋಡೆಗೆ "ನೂರ್ಕಾಲ ಬಾಳು" ಎಂದು
ಬರೆದು ಹೋಗುವ ಯಾರೋ ಪುಣ್ಯಾತ್ಮ.
ನಿಜ, ಖಾಲಿಯಾಗಿದೆ.
ಮದುವೆ ಮುಗಿದ ಛತ್ರದಲ್ಲಿ
ಕುರ್ಚಿ ಮಡಿಸುವ ಸದ್ದು.
ಉತ್ತರ ಕೊಡದೆ ಹಲಸೂರಿನಲ್ಲಿ ಇಳಿದೆ.

ಪುಲಕೇಶಿನಗರದ ಎಕ್ಸ್‌ಚೇಂಜಿನಲ್ಲಿ
ಕೊನೆಕೊನೆಗೆ ನನ್ನದು ಸರೆಂಡರ್ ಕೌಂಟರು.
ಫೋನು ವಾಪಸು ಕೊಡಲು ಬಂದವರು
ಟವೆಲಿನಲ್ಲಿ ಸುತ್ತಿ, ಕಂಕುಳಲ್ಲಿ ಅವುಚಿಕೊಂಡು,
ಕೋಳಿ ಮಾರಲು ತಂದವರ ಹಾಗೆ ನಿಲ್ಲುತ್ತಿದ್ದರು.
ಹಳದಿ ಫಾರಮ್ಮಿನ ಏಳನೇ ಕಾಲಮ್ಮು: ಕಾರಣ.
"ಅಗತ್ಯವಿಲ್ಲ" ಎಂದೇ ಎಲ್ಲರೂ,
ಕೆಲವರು ಒತ್ತು ಮರೆತು "ಅಗತವಿಲ್ಲ".
ಠಸ್ಸೆ ಹೊಡೆಯುತ್ತಿದ್ದೆ. ಒಂದೇ ದಿನ ನಲವತ್ತಾರು.

ಕಾಕ್ಸ್‌ಟೌನಿನ ಡಲ್ಸಿನ್ ಮೇಡಂ ಮಾತ್ರ
ತಿಂಗಳು ತಿಂಗಳು ಬಂದು ಬಿಲ್ಲು ಕಟ್ಟುತ್ತಿದ್ದರು.
ಬಿಲ್ಲಿನಲ್ಲಿ ಒಂದು ಕರೆಯಿಲ್ಲ. ಬರೀ ಬಾಡಿಗೆ.
ಯಾಕೆ ಮೇಡಂ ಸುಮ್ಮನೆ ದಂಡ, ಎಂದೆ.
"ರಾಂಗ್ ನಂಬರ್ ಬರ್ತದೆ ಮ್ಯಾನ್, ವಾರಕ್ಕೊಂದು.
ರಸೆಲ್ ಮಾರ್ಕೆಟ್ ಮೀನಿನಂಗಡಿ ಅನ್ಕೊಂಡು
ಸೀಗಡಿ ಎಷ್ಟು ಅಂತ ಕೇಳ್ತಾರೆ.
ಏನೋ ಒಂದು ರೇಟು ಹೇಳ್ತೀನಿ."
ಆಗ ನಾನೂ ಸಂಜನಿಯ ಹಾಗೇ ನಕ್ಕಿದ್ದೆ.

ಕೇಬಲ್ ಜಾಯಿಂಟರ್ ಖುದ್ದೂಸ್ ಸಾಬರು,
ಮ್ಯಾನ್‌ಹೋಲಿನಲ್ಲಿ ಕುಕ್ಕರಗಾಲಲ್ಲಿ ಕೂತು
ಬಿಳಿ-ನೀಲಿ, ಬಿಳಿ-ಕಿತ್ತಳೆ, ಬಿಳಿ-ಹಸಿರು ಎಂದು ಗೊಣಗುತ್ತಾ
ತಂತಿಗೆ ತಂತಿ ಗಂಟು ಹಾಕುತ್ತಿದ್ದವರು,
ಈಗ ಗೋವಿಂದಪುರದಲ್ಲಿ ಸೊಂಟ ಹಿಡಿದು ಮಂಚದ ಮೇಲೆ.
ದಿನಾ ಬೆಳಗ್ಗೆ ಆರೂಕಾಲಿಗೆ ಒಂದು ಗುಲಾಬಿ ಹಾಕುತ್ತಾರೆ.
ಹನಿ ಕೂತ ಗುಲಾಬಿ, ಅಡಿಯಲ್ಲಿ 'ಶುಭೊದಯ'.
ಏಳು ವರ್ಷದಿಂದ ಆ ದೀರ್ಘ ಇಲ್ಲ.
ಬೀಳುವುದು ಮೂರು ಲೈಕು:
ನಾನು, ಸ್ಟೋರ್ಸಿನ ತಂಗವೇಲು, ಟ್ರಂಕ್ ಬೋರ್ಡಿನ ಅಂಬುಜವಲ್ಲಿ.
ಹಾಜರಿ ಪುಸ್ತಕಕ್ಕೆ ರುಜು ಹಾಕಿದ ಹಾಗೆ.
ಹೇಗಿದ್ದೀರಿ ಎಂದು ಯಾರೂ ಕೇಳುವುದಿಲ್ಲ.
ಕೇಳಿದರೆ ಹೇಳಬೇಕಾಗುತ್ತದಲ್ಲ.

ಹೋದ ಕಾರ್ತಿಕದ ಒಂದು ಬುಧವಾರ
ಗುಲಾಬಿ ಬರಲಿಲ್ಲ.
ಏಳು. ಏಳೂವರೆ. ಹಾಲು ಉಕ್ಕಿತು.
ಎಂಟಕ್ಕೆ ತಂಗವೇಲು, ಮಾತಿಲ್ಲದೆ, ಒಂದು ಚುಕ್ಕಿ ಕಳಿಸಿದ.
ನಾನೂ ಒಂದು ಚುಕ್ಕಿ ಕಳಿಸಿದೆ.
ಒಂಬತ್ತಕ್ಕೆ ಚಪ್ಪಲಿ ಮೆಟ್ಟಿ ಆಟೋ ಹತ್ತಿದೆ.
ಇನ್ನೂರು ಎಂದ, ಚೌಕಾಸಿ ಮಾಡಲಿಲ್ಲ.
ಪಾಟರಿ ಟೌನಿನ ಹತ್ತಿರ ರಸ್ತೆ ಅಗೆದಿದ್ದರು.
ಮಣ್ಣಿನ ಗುಡ್ಡೆಯ ಮೇಲೆ ನಮ್ಮದೇ ಕೇಬಲ್ಲು,
ಸಾವಿರದಿನ್ನೂರು ಜೋಡಿಯದು, ಕರುಳು ಹೊರಗೆ ಬಿದ್ದು.
ಇಬ್ಬರು ಹುಡುಗರು ಬ್ಲೇಡಿನಲ್ಲಿ ಸುಲಿಯುತ್ತಿದ್ದರು, ತಾಮ್ರಕ್ಕೆ.
ಬಿಳಿ-ನೀಲಿ, ಬಿಳಿ-ಕಿತ್ತಳೆ.
ಆಗ ಕೈಯಲ್ಲಿ ಫೋನು ಅದುರಿತು.
ಗುಲಾಬಿ.
'ರಾತ್ರಿ ಇಡೀ ಕರೆಂಟ್ ಇಲ್ಲ. ಶುಭೊದಯ.'
ತಿರುಗಿಸಪ್ಪಾ ಗಾಡಿ, ಎಂದೆ.
ಹಿಂದಕ್ಕೂ ಇನ್ನೂರು, ಎಂದ.

ರಿಸೀವರ್ ಎತ್ತಿದೊಡನೆ ಕೇಳುತ್ತಿದ್ದ ಆ ಗುಂಯ್ ಸದ್ದು
ಸಂಜನಿ ಕೇಳಿಯೇ ಇಲ್ಲ.
ಅದು ಯಾರ ದನಿಯೂ ಅಲ್ಲ, ಯಾರಿಗೆಂದೂ ಅಲ್ಲ.
ಲೈನಿಗೆ ಜೀವ ಇದೆ ಅಂತ, ಅಷ್ಟೆ.
ನಡುರಾತ್ರಿ ಅದನ್ನೊಂದು ಗಳಿಗೆ ಕೇಳಿ
ಯಾವ ನಂಬರನ್ನೂ ತಿರುಗಿಸದೆ
ಮೆಲ್ಲಗೆ ಇಟ್ಟುಬಿಡುವವರಿದ್ದರು ಈ ಊರಲ್ಲಿ.
ಪಾಳಿಯಲ್ಲಿ ಕೂತ ನಮಗೆ ಕೇಳುತ್ತಿತ್ತು,
ಎತ್ತಿದ್ದು, ಕಟಕ್.
ಇಟ್ಟದ್ದು, ಕಟಕ್.

ಕಾರಣದ ಕಾಲಮ್ಮಿಗೆ ಏನು ಬರೆಯಲಿ ಮಗೂ.
ಸೀಗಡಿ ಎಷ್ಟು ಅಂತ ಕೇಳು,
ಏನೋ ಒಂದು ರೇಟು ಹೇಳುತ್ತೇನೆ.